ಫೋನಿಗೆ ಬರುವ ಕೂಪನ್ನು, ಮನೆಯ ಖರ್ಚಿನ ಲೆಕ್ಕ



ಸಹಾಯಧನವನ್ನು ಬ್ಯಾಂಕು ಖಾತೆಗೆ ಹಾಕುವ ಬದಲು ಫೋನಿಗೆ ಬರುವ ಕೂಪನ್ನಿನ ರೂಪದಲ್ಲಿ ಕೊಡುವ ಪದ್ಧತಿ ನಮ್ಮ ದೇಶದಲ್ಲಿ 2021ರಿಂದ ಇದೆ. ಗೊಬ್ಬರ, ಔಷಧಿಗಳ ಸಹಾಯಧನವೂ ಒಂದು ದಿನ ಹೀಗೆಯೇ ಬಂದೀತೆಂಬ ಮಾತು ನಮ್ಮ ಸದಸ್ಯರಲ್ಲಿ ನಡೆದಿದೆ. ಹಾಗೆ ಬಂದರೆ ನಮ್ಮ ಸಂಘದ ಡಿಪೋ ಅದನ್ನು ಸ್ವೀಕರಿಸಲು ಈಗಲೇ ಅಣಿಯಾಗಬೇಕೇ ಎಂಬ ಪ್ರಶ್ನೆ ಆಡಳಿತ ಮಂಡಳಿಯ ಮುಂದಿದೆ. "ದುಡ್ಡು ದುಡ್ಡೇ, ಯಾವ ವೇಷದಲ್ಲಿ ಬಂದರೇನು" ಎನ್ನುತ್ತಾರೆ ಕೆಲವರು. "ಕೂಪನ್ನು ಎಂದರೆ ನಮ್ಮ ಕೈ ಕಟ್ಟಿಹಾಕಿದಂತೆ" ಎನ್ನುತ್ತಾರೆ ಇನ್ನು ಕೆಲವರು. ಎರಡು ಮಾತಿನಲ್ಲೂ ಅರ್ಧ ಸತ್ಯವಿದೆ. ಯಾರ ಮನೆಯಲ್ಲಿ ಮೊದಲನೆಯ ಮಾತು ನಿಜ, ಯಾರ ಮನೆಯಲ್ಲಿ ಎರಡನೆಯದು ನಿಜ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು 2024ರ ಜನವರಿಯಲ್ಲಿ, ಕಾಫಿ ಕೊಯ್ಲಿನ ಸಮಯದಲ್ಲಿ. ಆ ವರ್ಷ ಹಣ್ಣು ಕೊಯ್ಯಲು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನಿಂದ, ತಿಮ್ಮಾಪುರದ ಕಡೆಯ ಒಂದು ತಂಡ ನಮ್ಮ ತೋಟಕ್ಕೆ ಬಂದಿತ್ತು. ತಿಮ್ಮಾಪುರವೆಂದರೆ ಕಬ್ಬಿನ ಸೀಮೆ. ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಿಂದಾಗಿ ಸಹಕಾರ ಕ್ಷೇತ್ರದ ನಮಗೆ ಹೆಸರು ಕೇಳಿ ಗೊತ್ತಿರುವ ಊರು. ಅಲ್ಲಿಯೂ ಅದು ಕಬ್ಬು ಕಡಿಯುವ ಕಾಲವೇ. ಆದರೂ ನೆಂಟರಿಷ್ಟರ ಜೊತೆ ಕೆಲವರು ಇತ್ತ ಬಂದಿದ್ದರು. ಸಂಜೆ ಹಣ್ಣು ತೂಗಿ ಲೆಕ್ಕ ಬರೆಯುತ್ತಿದ್ದಾಗ ತಂಡದ ಒಬ್ಬ ಹೆಂಗಸು ಫೋನನ್ನು ನನ್ನ ಮುಂದೆ ಹಿಡಿದು, "ಸಾಹೇಬ್ರ, ಅಕ್ಕಿ ರೊಕ್ಕ ಬಂದೈತೇನು ಒಂಚೂರು ನೋಡ್ರಿ" ಎಂದರು.

ಅಕ್ಕಿ ರೊಕ್ಕವೆಂದರೆ ಅನ್ನಭಾಗ್ಯದ ಹಣ. 2023ರಲ್ಲಿ ಹೊಸ ಸರಕಾರ ತಲೆಗೆ ಐದು ಕಿಲೋ ಹೆಚ್ಚುವರಿ ಅಕ್ಕಿ ಕೊಡಲು ಹೊರಟಿತು. ಬೇಕಾದಷ್ಟು ಅಕ್ಕಿ ಸಿಗಲಿಲ್ಲ. ಆದ್ದರಿಂದ ಆ ವರ್ಷದ ಜುಲೈ 10ರಿಂದ ಕಿಲೋಗೆ 34 ರೂಪಾಯಿ ಹಿಡಿದು, ತಲೆಗೆ ತಿಂಗಳಿಗೆ 170 ರೂಪಾಯಿಯಂತೆ ಮನೆಯ ಯಜಮಾನಿಯ ಅಥವಾ ಯಜಮಾನನ ಖಾತೆಗೆ ಜಮಾ ಮಾಡತೊಡಗಿತು. 2025ರ ಫೆಬ್ರವರಿಯಲ್ಲಿ ಹಣವನ್ನು ನಿಲ್ಲಿಸಿ ಮತ್ತೆ ಅಕ್ಕಿಯನ್ನೇ ಕೊಡುವುದಾಗಿ ತೀರ್ಮಾನವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆ ಹೆಚ್ಚುವರಿ ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ಟು ಕೊಡಲು ಸಚಿವ ಸಂಪುಟ ಒಪ್ಪಿತು. ಹೀಗೆ ಒಂದೇ ಸವಲತ್ತು ಎರಡೂವರೆ ವರ್ಷದಲ್ಲಿ ಹಣವಾಗಿ, ಧಾನ್ಯವಾಗಿ, ಕಿಟ್ಟಾಗಿ ವೇಷ ಬದಲಿಸುತ್ತಾ ಬಂದಿದೆ. ಅರ್ಥಶಾಸ್ತ್ರ ಓದುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಹಣ ಬಂದಿತ್ತು. "ಅಕ್ಕಿ ಕೊಡೋದು ಚಲೋನೋ, ರೊಕ್ಕ ಕೊಡೋದು ಚಲೋನೋ?" ಎಂದು ನಾನು ಅವರದೇ ಮಾತಿನಲ್ಲಿ ಕೇಳಿದೆ. "ರೊಕ್ಕಾನೇ ಚಲೋ ನೋಡ್ರಿ. ಅಷ್ಟು ಅಕ್ಕಿ ತಗೊಂಡು ಏನ್ಮಾಡೂಣು? ರೊಕ್ಕ ಬಂದ್ರ ಜ್ವಾಳ ತರ್ತೀವಿ" ಎಂದರು. ಅಲ್ಲೇ ನಿಂತಿದ್ದ ನಮ್ಮ ಲೈನಿನ ಹೆಂಗಸು, ಇದೇ ಊರಿನವರು, ತಡೆಯಲಾರದೆ ಬಾಯಿ ಹಾಕಿದರು: "ನಮಗೆ ಅಕ್ಕಿನೇ ಕೊಡ್ಬೇಕು ಅಯ್ಯ. ಅವರು ಕೊಡೋ ದುಡ್ಡಿಗೆ ಅಂಗಡೀಲಿ ಅಷ್ಟು ಅಕ್ಕಿ ಎಲ್ಲಿ ಬರುತ್ತೆ?"

ಇಬ್ಬರೂ ಸರಿಯಾಗಿಯೇ ಹೇಳಿದರು. ಹೇಗೆಂದು ನೋಡೋಣ. ನಾಲ್ಕು ಜನರ ಎರಡು ಮನೆ ಇವೆ ಎಂದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ಎರಡೂ ಮನೆಗೆ ಮೊದಲಿನಿಂದ 20 ಕಿಲೋ ಉಚಿತ ಅಕ್ಕಿ ಇದೆ. ಮಲೆನಾಡಿನ ಮನೆ ಮೂರು ಹೊತ್ತೂ ಅನ್ನ ಉಣ್ಣುವಂಥದ್ದು, ತಿಂಗಳಿಗೆ 40 ಕಿಲೋ ಬೇಕು. ಉಳಿದ 20 ಕಿಲೋವನ್ನು ಅಂಗಡಿಯಲ್ಲಿ ಕಿಲೋಗೆ 45 ರೂಪಾಯಿಯಂತೆ 900 ರೂಪಾಯಿ ಕೊಟ್ಟು ತರುತ್ತದೆ. ಈ ಮನೆಗೆ ಹೆಚ್ಚುವರಿ 20 ಕಿಲೋ ಅಕ್ಕಿ ಸಿಕ್ಕಿದರೆ ಏನಾಗುತ್ತದೆ? ಅನ್ನ ಉಣ್ಣುವುದು ಒಂದು ಹಿಡಿಯೂ ಹೆಚ್ಚುವುದಿಲ್ಲ. ಅಂಗಡಿಗೆ ಹೋಗುತ್ತಿದ್ದ 900 ರೂಪಾಯಿ ಮನೆಯಲ್ಲೇ ಉಳಿಯುತ್ತದೆ. ಮೀನಿಗೋ, ಮಗಳ ಬಸ್ಸಿಗೋ, ಹಳೆಯ ಸಾಲದ ಬಡ್ಡಿಗೋ ಹೋಗುತ್ತದೆ. ಅಕ್ಕಿಯ ಬದಲು 680 ರೂಪಾಯಿ ಕೊಟ್ಟರೂ ಅದೇ ಕಥೆ, ಆದರೆ 220 ರೂಪಾಯಿ ಖೋತಾ.

ತಿಮ್ಮಾಪುರದ ಮನೆ ರೊಟ್ಟಿ ತಿನ್ನುವಂಥದ್ದು. ಅದಕ್ಕೆ 20 ಕಿಲೋ ಅಕ್ಕಿಯೇ ಸಾಕು. ಇನ್ನೂ 20 ಕಿಲೋ ಕೊಟ್ಟರೆ ಒಂದೋ ಜೋಳ ಬಿಟ್ಟು ಅನ್ನ ಉಣ್ಣಬೇಕು, ಇಲ್ಲವೇ ಅಕ್ಕಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟು ಕೈ ತೊಳೆದುಕೊಳ್ಳಬೇಕು. ಪಡಿತರದ ಅಕ್ಕಿ ಮಾರುವುದು ಅಪರಾಧ. ಅಪರಾಧದ ಮಾಲಿಗೆ ಯಾವಾಗಲೂ ಅರ್ಧ ಬೆಲೆ. ಕಿಲೋಗೆ 15 ರೂಪಾಯಿ ಸಿಕ್ಕಿದರೆ ಬಂದದ್ದು 300. ಅದೇ ನಗದಾಗಿ ಬಂದಿದ್ದರೆ 680.

ಇಲ್ಲಿರುವ ಸೂತ್ರ ಇಷ್ಟೇ. ಕೂಪನ್ನಿನ ಮೊತ್ತವು ನಾವು ಹೇಗೂ ಆ ವಸ್ತುವಿಗೆ ಮಾಡುತ್ತಿದ್ದ ಖರ್ಚಿಗಿಂತ ಕಡಿಮೆಯಿದ್ದರೆ, ಕೂಪನ್ನೂ ಒಂದೇ ನಗದೂ ಒಂದೇ. ಆ ವಸ್ತುವಿನ ವ್ಯಾಪಾರ ಬೆಳೆಯುವುದಿಲ್ಲ, ಬಿಡುವಾದ ಹಣ ಬೇರೆ ಕಡೆ ಹರಿಯುತ್ತದೆ. ಮೊತ್ತವು ಆ ಖರ್ಚನ್ನು ಮೀರಿದರೆ ಮಾತ್ರ ಕೂಪನ್ನು ನಮ್ಮ ಖರೀದಿಯನ್ನು ಬದಲಿಸುತ್ತದೆ, ಅಥವಾ ಕಾಳಸಂತೆಗೆ ದಾರಿ ಮಾಡುತ್ತದೆ. ಇದರ ಜೊತೆಗೆ ಇನ್ನೊಂದು ಅಂಶವನ್ನು ಲೈನಿನ ಹೆಂಗಸು ಹಿಡಿದುಕೊಟ್ಟರು. ಕಿಲೋದಲ್ಲಿ ಬರೆದ ಸವಲತ್ತು ಬೆಲೆ ಏರಿದರೂ ಕರಗುವುದಿಲ್ಲ, ರೂಪಾಯಿಯಲ್ಲಿ ಬರೆದದ್ದು ಕರಗುತ್ತದೆ. ಮುಂದೆ ಯಾವ ಕೂಪನ್ನು ಬಂದರೂ ಅದರ ಮೇಲೆ "ಒಂದು ಚೀಲ" ಎಂದಿದೆಯೋ "ಇಷ್ಟು ರೂಪಾಯಿ" ಎಂದಿದೆಯೋ ಎಂದು ಮೊದಲು ನೋಡಬೇಕು.

ಹೆಂಗಸರಿಗೆ 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಕೊಡುತ್ತಿರುವ ಶೂನ್ಯ ಟಿಕೆಟ್ಟೂ ಒಂದು ಬಗೆಯ ಕೂಪನ್ನೇ. ಮಾರಲು ಬರುವುದಿಲ್ಲ, ಖಾಸಗಿ ಬಸ್ಸಿನಲ್ಲಿ ನಡೆಯುವುದಿಲ್ಲ. ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದವರಿಗೆ ಚಾರ್ಜು ಉಳಿಯಿತು. ಹೋಗದೆ ಇದ್ದವರು ಹೊರಟರು. ಖಾಸಗಿ ಬಸ್ಸೇ ಹೆಚ್ಚಿರುವ ನಮ್ಮಂಥ ಕಡೆ ಟಿಕೆಟ್ಟಿದ್ದರೂ ಬಸ್ಸಿಲ್ಲ. ಕೂಪನ್ನು ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಷರತ್ತು ಹಾಕುವ ಜಾಣತನ

"ಹೇಗೂ ಮಾಡುತ್ತಿದ್ದ ಖರ್ಚಿಗೇ ನಮ್ಮ ಹಣ ಹೋಗಿಬಿಟ್ಟರೆ ಏನು ಬಂತು?" ಎಂಬ ಚಿಂತೆ ಸರಕಾರಗಳಿಗೆ ಹಳೆಯದು. ಅಮೆರಿಕದ ರೋಚೆಸ್ಟರ್ ಪಟ್ಟಣದಲ್ಲಿ 1939ರ ಮೇ ತಿಂಗಳಲ್ಲಿ ಮೊದಲ ಆಹಾರ ಕೂಪನ್ನು ಹೊರಟಾಗ ಅದಕ್ಕೆ ಒಂದು ಉಪಾಯ ಹೂಡಿದ್ದರು. ಬಡ ಕುಟುಂಬ ತಾನು ಆಹಾರಕ್ಕೆ ಮಾಮೂಲಾಗಿ ಮಾಡುವ ಖರ್ಚಿನಷ್ಟು ಹಣ ಕೊಟ್ಟು ಕಿತ್ತಳೆ ಬಣ್ಣದ ಚೀಟಿಗಳನ್ನು ಕೊಳ್ಳಬೇಕು. ಹಾಗೆ ಕೊಂಡ ಒಂದೊಂದು ಡಾಲರಿಗೆ ಅರ್ಧ ಡಾಲರಿನ ನೀಲಿ ಚೀಟಿ ಉಚಿತ. ನೀಲಿ ಚೀಟಿಗೆ ರೈತರ ಬಳಿ ಮಿಕ್ಕಿ ಉಳಿದ ಪದಾರ್ಥಗಳು ಮಾತ್ರ ಸಿಗುತ್ತಿದ್ದವು. ಹಳೆಯ ಖರ್ಚನ್ನು ಮೊದಲು ಕಟ್ಟಿಸಿಕೊಂಡು, ಅದರ ಮೇಲೆ ಹೊಸ ಖರ್ಚನ್ನು ಕೂರಿಸುವ ಲೆಕ್ಕ. ಬಡವರ ಹೊಟ್ಟೆ, ರೈತರ ದಾಸ್ತಾನು ಎರಡೂ ಅದರಲ್ಲಿದ್ದವು. ಆದರೆ ಚೀಟಿ ಕೊಳ್ಳಲು ಕೈಯಲ್ಲಿ ಕಾಸೇ ಇಲ್ಲದ ಕಡುಬಡವನು ಆಚೆಗೇ ಉಳಿದ. ಈ ದೋಷ ಇಂದಿನ ಕೆಲವು ಫೋನಿನ ಕೂಪನ್ನುಗಳಲ್ಲೂ ಇದೆ.

ಚೀನಾದ ಹಾಂಗ್‌ಝೌ ನಗರದಲ್ಲಿ 2020ರ ಮಾರ್ಚ್ ಕೊನೆಗೆ, ಕೊರೋನಾದಿಂದ ವ್ಯಾಪಾರ ಕುಸಿದಾಗ, ನಗರಾಡಳಿತ ಫೋನಿಗೆ ಕೂಪನ್ನು ಬಿಟ್ಟಿತು. 40 ಯುವಾನ್ ಖರ್ಚು ಮಾಡಿದರೆ 10 ಯುವಾನ್ ಕಡಿತ. ಕೆಲವೇ ದಿನಗಳ ಅವಧಿ. ಮೊದಲು ಪಡೆದುಕೊಂಡವರಿಗೆ ಉಂಟು, ಉಳಿದವರಿಗೆ ಇಲ್ಲ. ಇದನ್ನು ಅಧ್ಯಯನ ಮಾಡಿದ ಚೀನೀ ವಿದ್ವಾಂಸರು, ಸರಕಾರದ ಒಂದು ಯುವಾನ್‌ಗೆ ಮೂರೂವರೆಯಿಂದ ಸುಮಾರು ಆರು ಯುವಾನ್‌ವರೆಗೆ ಹೆಚ್ಚುವರಿ ಖರ್ಚು ಹೊರಟಿತೆಂದು 2021ರಲ್ಲಿ ಪ್ರಕಟಿಸಿದರು. 40ರ ಮಿತಿ ಮುಟ್ಟಲೆಂದು ಜನ ತಮ್ಮ ಕೈಯಿಂದ 30 ತೆಗೆದರಲ್ಲವೇ, ಗುಟ್ಟು ಅದರಲ್ಲೇ ಇದೆ. ದಕ್ಷಿಣ ಕೊರಿಯಾದ ಅನುಭವ ಬೇರೆ. ಅಲ್ಲಿ 2020ರ ಮೇ ತಿಂಗಳಲ್ಲಿ ನಾಲ್ಕು ಜನರ ಮನೆಗೆ 10 ಲಕ್ಷ ವನ್‌ನಷ್ಟು ಪರಿಹಾರ ಕೊಟ್ಟರು. ಬಹುಪಾಲು ಜನ ಅದನ್ನು ಕಾರ್ಡಿನಲ್ಲೇ ಪಡೆದು ಆಗಸ್ಟ್ 31ರೊಳಗೆ ಖರ್ಚು ಮಾಡಬೇಕಾಗಿತ್ತು. ಕನಿಷ್ಠ ಖರ್ಚಿನ ಷರತ್ತು ಇರಲಿಲ್ಲ. ಅಲ್ಲಿನ ಸರಕಾರಿ ಸಂಶೋಧನ ಸಂಸ್ಥೆ ಲೆಕ್ಕ ಹಾಕಿದಾಗ, ಕೊಟ್ಟ ಹಣದಲ್ಲಿ ಶೇಕಡ 26ರಿಂದ 36ರಷ್ಟು ಮಾತ್ರ ಹೊಸ ವ್ಯಾಪಾರವಾಗಿ ಕಂಡುಬಂತು. ಮಿಕ್ಕದ್ದೆಲ್ಲ ಹೇಗೂ ಮಾಡುತ್ತಿದ್ದ ಖರ್ಚಿನ ಜಾಗದಲ್ಲಿ ಕೂತಿತು. ಜನರ ಕೈಯ ಹಣ ಉಳಿಯಿತು. ಕಷ್ಟದ ಕಾಲದಲ್ಲಿ ಅದೇನೂ ಕೆಟ್ಟದ್ದಲ್ಲ. ಆದರೆ ಅಂಗಡಿಯವನು ನಿರೀಕ್ಷಿಸಿದಷ್ಟು ಅಂಗಡಿಗೆ ಬರಲಿಲ್ಲ.

ನಮ್ಮ ಕೇಂದ್ರ ಸರಕಾರವೂ 2020ರ ಅಕ್ಟೋಬರ್ 12ರಂದು ಇಂಥದೇ ಒಂದು ಯೋಜನೆ ತಂದಿತ್ತು. ನೌಕರರು ರಜೆ ಪ್ರವಾಸದ ಭತ್ಯೆಯನ್ನು ಪ್ರವಾಸ ಮಾಡದೆಯೇ ಪಡೆಯಬಹುದು. ಆದರೆ ಪ್ರಯಾಣದರದ ಮೂರು ಪಟ್ಟು ಹಣವನ್ನು ಶೇಕಡ 12 ಅಥವಾ ಹೆಚ್ಚು ಜಿಎಸ್‌ಟಿ ಇರುವ ಸರಕಿಗೆ, ನಗದಲ್ಲದ ಪಾವತಿಯಲ್ಲಿ, 2021ರ ಮಾರ್ಚ್ 31ರೊಳಗೆ ಖರ್ಚು ಮಾಡಿ ಬಿಲ್ಲು ತೋರಿಸಬೇಕು. ಹಬ್ಬದ ಮುಂಗಡವಾಗಿ 10,000 ರೂಪಾಯಿ ತುಂಬಿದ ಕಾರ್ಡನ್ನೂ ಕೊಟ್ಟರು. ನಮ್ಮ ಕಣ್ಣಿನಿಂದ ನೋಡಿದರೆ ಇದರಲ್ಲೊಂದು ತಮಾಷೆಯಿದೆ. ಹುರಿದು ಪುಡಿ ಮಾಡಿದ ಕಾಫಿಗೆ ಆಗ ಶೇಕಡ 5 ತೆರಿಗೆ, ಇನ್‌ಸ್ಟಂಟ್ ಕಾಫಿಗೆ 18. ಹಾಗಾಗಿ ಕಾರ್ಖಾನೆಯ ಇನ್‌ಸ್ಟಂಟ್ ಡಬ್ಬಿ ಆ ಯೋಜನೆಯ ಲೆಕ್ಕಕ್ಕೆ ಬರುತ್ತಿತ್ತು, ನಮ್ಮ ಪೇಟೆಯಲ್ಲಿ ಬೀಸಿ ಕೊಡುವ ಪುಡಿ ಬರುತ್ತಿರಲಿಲ್ಲ. ಅಕ್ಕಿ, ತರಕಾರಿ, ಹಾಲಿನ ಮಾತಂತೂ ಇಲ್ಲ. ಇನ್‌ಸ್ಟಂಟ್ ಕಾಫಿಯ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡ 5ಕ್ಕೆ ಇಳಿಸಿದ್ದಾರೆ. ಷರತ್ತು ಬರೆಯುವವನ ಪೆನ್ನು ಯಾವ ಅಂಗಡಿ ತುಂಬಬೇಕು ಎಂಬುದನ್ನೂ ಬರೆದುಬಿಡುತ್ತದೆ ಎಂಬುದಕ್ಕೆ ಈ ಉದಾಹರಣೆ ಕೊಟ್ಟೆ.

ಒಂದು ಎಚ್ಚರಿಕೆ. ಮೇಲಿನ ಸೂತ್ರವನ್ನು ಮನುಷ್ಯರು ಅಕ್ಷರಶಃ ಪಾಲಿಸುವುದಿಲ್ಲ. ಅಮೆರಿಕದ ಒಂದು ಅಂಗಡಿ ಸರಣಿಯ ಬಿಲ್ಲುಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ ಹೇಸ್ಟಿಂಗ್ಸ್ ಮತ್ತು ಶಪೀರೋ ಎಂಬ ಅರ್ಥಶಾಸ್ತ್ರಜ್ಞರು 2018ರಲ್ಲಿ ಬರೆದದ್ದು ಹೀಗೆ: ಆಹಾರದ ಸವಲತ್ತಾಗಿ 100 ಡಾಲರ್ ಬಂದರೆ ಅದರಲ್ಲಿ 50ರಿಂದ 60 ಹೆಚ್ಚುವರಿ ಆಹಾರಕ್ಕೇ ಹೋಗುತ್ತದೆ, ಅದೇ 100 ನಗದಾಗಿ ಬಂದರೆ 10ಕ್ಕಿಂತ ಹೆಚ್ಚು ಹೋಗುವುದಿಲ್ಲ. ಹಣದ ಮೇಲೆ ಹೆಸರು ಬರೆದಿದ್ದರೆ ಮನಸ್ಸು ಆ ಹೆಸರಿಗೆ ಕಟ್ಟುಬೀಳುತ್ತದೆ. ನಮ್ಮ ಮನೆಗಳಲ್ಲಿ ಹೆಂಗಸರು ಹಾಲಿನ ದುಡ್ಡು, ಅಡಿಕೆ ಸುಲಿದ ದುಡ್ಡು ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ಇಡುವುದಿಲ್ಲವೇ? ಹಾಲಿನ ಡಬ್ಬಿಯಿಂದ ತೆಗೆದು ಔಷಧಿಗೆ ಕೊಟ್ಟರೆ "ವಾಪಸು ಹಾಕಬೇಕು" ಎನ್ನುತ್ತಾರೆ. ಅದೇ ಗುಣ ಇದು.

ನಮ್ಮ ಡಿಪೋಗೆ ಬಂದರೆ

ಈಗ ಮೂಲ ಪ್ರಶ್ನೆಗೆ ಬರೋಣ. 2021ರ ಆಗಸ್ಟ್ 2ರಂದು ಆರಂಭವಾದ ಇ-ರುಪಿ ಎಂಬ ಪದ್ಧತಿಯಲ್ಲಿ ಫಲಾನುಭವಿಯ ಫೋನಿಗೆ ಕ್ಯೂಆರ್ ಚಿತ್ರವೋ ಒಂದು ಸಂದೇಶವೋ ಬರುತ್ತದೆ. ಅವನಿಗೆ ಸ್ಮಾರ್ಟ್‌ಫೋನು ಬೇಕಿಲ್ಲ, ಬ್ಯಾಂಕು ಖಾತೆಯೂ ಬೇಕಿಲ್ಲ. ಅಂಗಡಿಯವನು ಅದನ್ನು ಓದಿಸಿದಾಗ ಫಲಾನುಭವಿಯ ಫೋನಿಗೆ ಒಂದು ಗುಪ್ತ ಸಂಖ್ಯೆ ಬರುತ್ತದೆ. ಅದನ್ನು ಹೇಳಿದರೆ ಹಣ ಅಂಗಡಿಯ ಖಾತೆಗೆ ಸೇರುತ್ತದೆ. ಯಾವ ಉದ್ದೇಶಕ್ಕೆ, ಯಾವ ಅಂಗಡಿಯಲ್ಲಿ, ಯಾವ ತಾರೀಖಿನೊಳಗೆ ಎಂಬುದೆಲ್ಲ ಕೂಪನ್ನಿನ ಒಳಗೇ ಇರುತ್ತದೆ. ಮೊದಲು 10,000 ರೂಪಾಯಿ ಇದ್ದ ಮಿತಿಯನ್ನು ರಿಸರ್ವ್ ಬ್ಯಾಂಕು 2022ರಲ್ಲಿ, ಸರಕಾರ ಕೊಡುವ ಕೂಪನ್ನುಗಳ ಮಟ್ಟಿಗೆ, ಒಂದು ಲಕ್ಷಕ್ಕೆ ಏರಿಸಿ, ಮುಗಿಯುವವರೆಗೆ ಹಲವು ಸಲ ಬಳಸಲೂ ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ ಇದನ್ನು ವಿದ್ಯಾರ್ಥಿಗಳ ಶುಲ್ಕ ಪಾವತಿಗೆ ಬಳಸಲು ಸರಕಾರ 2021ರ ಕೊನೆಯಲ್ಲೇ ಮುಂದಾಗಿತ್ತು.

ಕಾಗದದ ಕೂಪನ್ನಿನ ಕಷ್ಟ ನಾವು ಕಂಡಿದ್ದೇವೆ. 2016ರಲ್ಲಿ ನಮ್ಮ ರಾಜ್ಯದಲ್ಲೇ ಪಡಿತರಕ್ಕೆ ಕೂಪನ್ನು ತಂದಾಗ, ಬೆರಳಚ್ಚು ಕೊಟ್ಟು ಚೀಟಿ ಪಡೆಯಲು ಒಂದು ಕಡೆ, ಧಾನ್ಯ ಪಡೆಯಲು ಇನ್ನೊಂದು ಕಡೆ ಹೋಗಬೇಕಾಗಿತ್ತು. ಕೂಲಿಯವನಿಗೆ ಅರ್ಧ ದಿನದ ಸಂಬಳ ಹೋದರೆ ಅದೂ ಕೂಪನ್ನಿನ ಬೆಲೆಯೇ. ಆ ಪದ್ಧತಿ ಬಹಳ ಕಾಲ ಉಳಿಯಲಿಲ್ಲ.

ಮೈಲುತುತ್ತಕ್ಕೆ ಇಂಥ ಕೂಪನ್ನು ಬಂತೆನ್ನಿ. ಕೊಳೆರೋಗಕ್ಕೆ ಹೆದರದ ಅಡಿಕೆ ಬೆಳೆಗಾರ ನಮ್ಮಲ್ಲಿ ಯಾರಿದ್ದಾರೆ? ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಶೇಕಡ 1ರ ಬೋರ್ಡೋ ಹೊಡೆಯುವುದು, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಸಾಲ ಮಾಡಿಯಾದರೂ ನಡೆದೇ ನಡೆಯುತ್ತದೆ. ಆದ್ದರಿಂದ ಮೈಲುತುತ್ತದ ಕೂಪನ್ನು ಬಂದರೆ ಮೈಲುತುತ್ತದ ಮಾರಾಟ ಹೆಚ್ಚುವುದಿಲ್ಲ. ಜೂನ್ ತಿಂಗಳ ಸಾಲ ಕಡಿಮೆಯಾಗುತ್ತದೆ. ಮಲೆನಾಡಿನ ಅನ್ನದ ಮನೆಯ ಲೆಕ್ಕವೇ ಇದು. ಬೆಳೆಗಾರನಿಗೆ ಲಾಭವೇ, ಆದರೆ "ಕೂಪನ್ನಿನಿಂದ ಸಿಂಪರಣೆ ಹೆಚ್ಚಿತು" ಎಂದು ಯಾರಾದರೂ ವರದಿ ಬರೆದರೆ ನಂಬಬೇಡಿ.

ಮಣ್ಣಿಗೆ ಹಾಕುವ ಸುಣ್ಣದ ಮಾತು ಬೇರೆ. ನಮ್ಮ ಹುಳಿ ಮಣ್ಣಿಗೆ ಎರಡು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಸುಣ್ಣ ಹಾಕಬೇಕೆಂದು ಎಲ್ಲರಿಗೂ ಗೊತ್ತು, "ಬರುವ ವರ್ಷ ನೋಡೋಣ" ಎಂದು ಮುಂದೂಡುವವರೇ ಹೆಚ್ಚು. ಈ ತಪ್ಪು ನನ್ನ ತೋಟದಲ್ಲೂ ಇದೆ. ಹೇಗೂ ಮಾಡದ ಖರ್ಚಿಗೆ ಕೂಪನ್ನು ಬಂದರೆ ಆ ಖರ್ಚು ನಿಜವಾಗಿ ಹುಟ್ಟುತ್ತದೆ. ಸರಕಾರ ಸಂಘಗಳ ಅಭಿಪ್ರಾಯ ಕೇಳಿದಲ್ಲಿ ನನ್ನ ಉತ್ತರ ಇದು: ಮಣ್ಣು ಪರೀಕ್ಷೆಗೂ ಸುಣ್ಣಕ್ಕೂ ಕೂಪನ್ನು ಕೊಡಿ, ಮೈಲುತುತ್ತ ಗೊಬ್ಬರಗಳಿಗೆ ನಗದನ್ನೇ ಕೊಡಿ.

ತಾರೀಖಿನ ವಿಷಯ ಮರೆಯಬಾರದು. ಕಾಫಿ ಮಾರಿದ ಹಣ ಫೆಬ್ರವರಿ, ಮಾರ್ಚಿನಲ್ಲಿ ಕೈಯಲ್ಲಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಒಣ. ಸರಕಾರದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಕೂಪನ್ನು ಅಂದಿಗೇ ಮುಗಿಯುವಂತಿದ್ದರೆ, ಹಣವಿರುವಾಗ ಬಂದು ಹಣವಿಲ್ಲದಾಗ ಇಲ್ಲವಾಗುತ್ತದೆ. ಮೈಲುತುತ್ತವನ್ನಾದರೂ ಕೊಂಡು ಇಟ್ಟುಕೊಳ್ಳಬಹುದು. ಸುಟ್ಟ ಸುಣ್ಣ ಮಳೆಗಾಲದ ತೇವಕ್ಕೆ ಅರಳಿ ಪುಡಿಯಾಗುತ್ತದೆ.

ಇನ್ನು ಅಂಗಡಿ. ಕೊರಿಯಾದಲ್ಲಿ 2025ರ ಜುಲೈ 21ರಿಂದ ಮತ್ತೆ ಕೂಪನ್ನು ಕೊಟ್ಟರು, ನವೆಂಬರ್ 30ರೊಳಗೆ ಮುಗಿಸಬೇಕಿತ್ತು. ಸಣ್ಣ ವ್ಯಾಪಾರಿಗಳಿಗೆ ಅನುಕೂಲವಾಗಲೆಂದು ವರ್ಷಕ್ಕೆ 300 ಕೋಟಿ ವನ್ ವಹಿವಾಟು ಮೀರಿದ ಅಂಗಡಿಗಳನ್ನು ಹೊರಗಿಟ್ಟರು. ಇದರಿಂದ ಪೆಟ್ಟು ತಿಂದವುಗಳಲ್ಲಿ ಅಲ್ಲಿನ ಕೃಷಿ ಸಹಕಾರ ಸಂಘಗಳ ಹನಾರೋ ಮಾರ್ಟ್‌ಗಳೂ ಇದ್ದವು. ರೈತರದೇ ಅಂಗಡಿ, ಆದರೆ ವಹಿವಾಟು ದೊಡ್ಡದು. ಹಳ್ಳಿಯವರಿಗೆ ಹತ್ತಿರದಲ್ಲಿ ಬೇರೆ ಅಂಗಡಿಯೇ ಇಲ್ಲವೆಂದು ಕೂಗೆದ್ದಿತು. ಅಂಥ ಹಳ್ಳಿಗಾಡಿನ ಕೆಲವು ಮಾರ್ಟ್‌ಗಳಿಗೆ ಮಾತ್ರ ಅವಕಾಶ ಸಿಕ್ಕಿತು. ನಮ್ಮ ಡಿಪೋ ಆ ಪಟ್ಟಿಯಲ್ಲಿ ಇಲ್ಲದೆ ಹೋದರೆ ಸದಸ್ಯನ ಕೂಪನ್ನು ಪೇಟೆಯ ಖಾಸಗಿ ಅಂಗಡಿಗೆ ಹೋಗುತ್ತದೆ. ಅಲ್ಲಿ ಒಬ್ಬನೇ ಕೂಪನ್ನು ಪಡೆಯುವವನಾದರೆ ಬೆಲೆಯೂ ಅವನದೇ. ಕೂಪನ್ನಿನ ಗಿರಾಕಿ ಎದ್ದು ಬೇರೆ ಅಂಗಡಿಗೆ ಹೋಗಲಾರನೆಂದು ಅವನಿಗೆ ಗೊತ್ತಿರುತ್ತದೆ. ಸಿಂಹಳದ ಹಳೆಯ ಕಾಫಿ ತೋಟಗಳಲ್ಲಿ ಲೋಹದ ಟೋಕನ್ನುಗಳು ಚಲಾವಣೆಯಲ್ಲಿದ್ದ ಸಂಗತಿ ಹಿರಿಯರು ಕೇಳಿರಬಹುದು. ಕೊಟ್ಟವನು ಹೇಳಿದ ಕಡೆಯಲ್ಲದೆ ಬೇರೆಲ್ಲೂ ನಡೆಯದ ಹಣದಿಂದ ಕೂಲಿಯವನು ಕೆಟ್ಟಾನೆಂದೇ 1936ರ ವೇತನ ಪಾವತಿ ಕಾಯಿದೆ, ಕೂಲಿಯನ್ನು ಚಲಾವಣೆಯ ನಾಣ್ಯ ನೋಟುಗಳಲ್ಲೇ ಕೊಡಬೇಕೆಂದು ವಿಧಿಸಿತು.

ಆದ್ದರಿಂದ ಡಿಪೋ ಸಿದ್ಧವಾಗಬೇಕೆಂಬುದೇ ನನ್ನ ಅಭಿಪ್ರಾಯ. ಜೊತೆಗೆ ಕೂಪನ್ನಿಗೂ ನಗದಿಗೂ ಒಂದೇ ದರವೆಂದು ಫಲಕ ಹಾಕಬೇಕು, ಕೂಪನ್ನಿಗೆ ನಗದು ಚಿಲ್ಲರೆ ಕೊಡುವ ವ್ಯವಹಾರಕ್ಕೆ ಗುಮಾಸ್ತರು ಕೈಹಾಕಬಾರದು. ಮಳೆಗಾಲದಲ್ಲಿ ಡಿಪೋದ ಒಳಗೆ ಫೋನಿನ ಸಿಗ್ನಲ್ ಸಿಗುವುದಿಲ್ಲ; ಮೆಟ್ಟಿಲ ಬಳಿ ಬಂದು ನಿಂತರೆ ಸಿಗುತ್ತದೆ. ಇದಕ್ಕೆ ಏನು ಮಾಡಬೇಕೆಂಬುದು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆ. ಈ ನಡುವೆ ಫೋನ್ ಸಂಖ್ಯೆ ಬದಲಿಸಿರುವ ಸದಸ್ಯರೂ, ಫ್ರೂಟ್ಸ್ ನೋಂದಣಿಯಲ್ಲಿ ತೀರಿಕೊಂಡ ಹಿರಿಯರ ಹೆಸರೇ ಇನ್ನೂ ಇರುವವರೂ ಪಹಣಿ ಮತ್ತು ಆಧಾರ್ ಪ್ರತಿಯೊಂದಿಗೆ ಕಚೇರಿಗೆ ಬಂದು ಸರಿಪಡಿಸಿಕೊಳ್ಳಬೇಕು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ನಾನು ಕಚೇರಿಯಲ್ಲೇ ಇರುತ್ತೇನೆ.